ಕತ್ತಲಾಗುವ ಮೊದಲು ಒಳಗೆ ಕರೆಯಿರಿ

ಚಿರತೆ ಹಿಡಿಯಲು ಅರಣ್ಯ ಇಲಾಖೆಯವರು ಇಡುವ ಬೋನನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರಲ್ಲಿ ಎರಡು ಭಾಗಗಳಿರುತ್ತವೆ. ಮುಂದಿನದು ದೊಡ್ಡದು. ಚಿರತೆ ಒಳಗೆ ಬಂದು ಹಲಗೆ ತುಳಿದ ಕೂಡಲೇ ಬಾಗಿಲು ಮೇಲಿಂದ ಬಿದ್ದು ಮುಚ್ಚಿಕೊಳ್ಳುತ್ತದೆ. ಹಿಂದಿನದು ಚಿಕ್ಕದು. ಅದರೊಳಗೆ ಒಂದು ಆಡನ್ನೋ ನಾಯಿಯನ್ನೋ ಕೂಡಿರುತ್ತಾರೆ. ಎರಡರ ನಡುವೆ ಗಟ್ಟಿಯಾದ ಕಬ್ಬಿಣದ ಕಂಬಿ. ನಾಯಿಯ ವಾಸನೆಗೆ, ಕೂಗಿಗೆ ಚಿರತೆ ಬರಬೇಕು, ಆದರೆ ಅದರ ಉಗುರು ನಾಯಿಗೆ ತಾಗಬಾರದು ಎಂಬ ಲೆಕ್ಕ ಅದು. ಆ ನಾಯಿ ರಾತ್ರಿಯಿಡೀ ನಡುಗುತ್ತ ಕೂತಿರುವುದನ್ನು ಬೆಳಗ್ಗೆ ನೋಡಿದ ಊರವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಅನ್ನಲೇಬೇಕು, ಅದು ಪಾಪವೇ.

ಅದೇ ರಾತ್ರಿ ಅದೇ ಊರಿನ ಎಷ್ಟು ಅಂಗಳಗಳಲ್ಲಿ ಎಷ್ಟು ನಾಯಿಗಳು ಸರಪಳಿಯಲ್ಲಿದ್ದವು? ಮಲೆನಾಡಿನ ತೋಟದ ಮನೆ ಇರಲಿ, ಮಂಡ್ಯ-ಮೈಸೂರಿನ ಕಬ್ಬಿನ ಗದ್ದೆಯ ಪಕ್ಕದ ಮನೆ ಇರಲಿ, ತುಮಕೂರು-ರಾಮನಗರದ ಕಲ್ಲುಗುಡ್ಡದ ಬುಡದ ಮನೆ ಇರಲಿ, ಬನ್ನೇರುಘಟ್ಟದ ಬದಿಗೆ ಹೊಸದಾಗಿ ಎದ್ದ ಬಡಾವಣೆಯ ಕೊನೆಯ ಸೈಟೇ ಇರಲಿ, ಎಲ್ಲ ಕಡೆಯೂ ಒಂಬತ್ತೂವರೆ ಹತ್ತು ಗಂಟೆಗೆ ನಡೆಯುವುದು ಒಂದೇ. ಟಿವಿ ಆರುತ್ತದೆ. ಉಳಿದ ಅನ್ನವನ್ನು ನಾಯಿಯ ತಟ್ಟೆಗೆ ಸುರಿಯುತ್ತಾರೆ. ಅಡಿಕೆ ಮರಕ್ಕೋ, ಗೇಟಿನ ಕಂಬಕ್ಕೋ, ಕಾರು ನಿಲ್ಲಿಸುವ ಶೆಡ್ಡಿನ ಪೈಪಿಗೋ ಅದನ್ನು ಕಟ್ಟಿ, ಬಾಗಿಲಿಗೆ ಚಿಲಕ ಹಾಕಿ ಮಲಗುತ್ತಾರೆ. ಆ ನಾಯಿಗೂ ಕಾಡಿಗೂ ನಡುವೆ ಏನೂ ಇಲ್ಲ. ಬೋನಿನ ನಾಯಿಗಾದರೂ ಕಂಬಿ ಇದೆ. ನಮ್ಮ ಮನೆಯ ನಾಯಿಗೆ ಅದೂ ಇಲ್ಲ. ಓಡಿಹೋಗಲು ದೇವರು ಕೊಟ್ಟ ನಾಲ್ಕು ಕಾಲಿಗೆ ನಾಲ್ಕು ಅಡಿಯ ಸರಪಳಿ ಹಾಕಿದವರು ನಾವು.

ಆಮೇಲಿನ ಮಾತುಕತೆ ನಿಮಗೂ ಪರಿಚಿತವೇ ಇರಬೇಕು.

‘ನಿಮ್ಮನೆ ಬಿಳಿ ನಾಯಿ ಕಾಣ್ತಾ ಇಲ್ವಲ್ಲ?’

‘ಹೋಯ್ತು ಮಾರಾಯ್ರೆ. ಮೊನ್ನೆ ರಾತ್ರಿ ಚಿರತೆ ಹಿಡ್ಕೊಂಡು ಹೋಯ್ತು. ಬೇರೆ ಒಂದು ಮರಿಗೆ ಹೇಳಿದೀನಿ.’

ಮಾತು ಮುಗಿಯಿತು. ಕಾಫಿ ಬಂತು. ಅಡಿಕೆ ರೇಟು ಶುರುವಾಯಿತು. ಆ ಮನೆಯ ಮರಕ್ಕೆ ಇದಕ್ಕೆ ಮುಂಚೆಯೂ ಒಂದು ನಾಯಿಯನ್ನು ಕಟ್ಟಿದ್ದರು, ಅದಕ್ಕೂ ಮುಂಚೆ ಇನ್ನೊಂದನ್ನು. ಪ್ರತಿ ಸಲವೂ ಚಿರತೆ ಬಂತು, ಪ್ರತಿ ಸಲವೂ ಸರಪಳಿ ಉಳಿಯಿತು, ಪ್ರತಿ ಸಲವೂ ಅದೇ ಸರಪಳಿಗೆ ಹೊಸ ಮರಿ ಬಂತು. ಇದನ್ನು ದುರದೃಷ್ಟ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಸಲ ಆದದ್ದು ದುರದೃಷ್ಟ ಇರಬಹುದು. ಅದೇ ಮರಕ್ಕೆ ಎರಡನೆಯ ನಾಯಿಯನ್ನು ಕಟ್ಟುವಾಗ ನಮಗೆ ಮುಂದೇನಾಗುತ್ತದೆಂದು ಗೊತ್ತಿರುತ್ತದೆ. ಗೊತ್ತಿದ್ದೂ ಕಟ್ಟುತ್ತೇವೆ.

ಆ ರಾತ್ರಿ ಏನಾಗುತ್ತದೆ ಎಂಬುದನ್ನು ಒಮ್ಮೆ ಕೂತು ಯೋಚಿಸಬೇಕು. ಈಗ ಯೋಚಿಸುವ ಕಷ್ಟವೂ ಇಲ್ಲ, ಸಿಸಿ ಟಿವಿ ಇದೆ. ಚಿರತೆ ನಾಯಿಯನ್ನು ಹೊತ್ತೊಯ್ಯುವ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ, ನಾವು ಬೆರಗಿನಿಂದ ನೋಡಿ ಮುಂದಿನವರಿಗೆ ಕಳಿಸುತ್ತೇವೆ. ಅದನ್ನು ಇನ್ನೊಮ್ಮೆ ನೋಡಿ, ಈ ಸಲ ಚಿರತೆಯನ್ನಲ್ಲ, ನಾಯಿಯನ್ನು ನೋಡಿ. ಚಿರತೆ ಚೌಕಟ್ಟಿನೊಳಗೆ ಬರುವುದಕ್ಕೆ ಎಷ್ಟೋ ಹೊತ್ತಿನ ಮುಂಚೆಯೇ ನಾಯಿ ಎದ್ದು ನಿಂತಿರುತ್ತದೆ. ಗಾಳಿ ಮೂಸುತ್ತದೆ. ಮೊದಲು ಜೋರಾಗಿ ಬೊಗಳುತ್ತದೆ, ಆಮೇಲೆ ಸ್ವರ ಬದಲಾಗುತ್ತದೆ, ಬೊಗಳುವುದು ನಿಂತು ಕುಂಯ್‌ಗುಡುತ್ತದೆ. ಮನೆಯ ಬಾಗಿಲ ಕಡೆಗೆ ಜಗ್ಗುತ್ತದೆ. ಸರಪಳಿ ಬಿಗಿಯುತ್ತದೆ, ಕತ್ತಿನ ಬೆಲ್ಟು ಗಂಟಲಿಗೆ ಒತ್ತುತ್ತದೆ, ಅದು ಮತ್ತೆ ಜಗ್ಗುತ್ತದೆ. ಒಳಗೆ ಯಾರೋ ಮಗ್ಗುಲು ಬದಲಿಸಿ ‘ಏಯ್, ಸುಮ್ನಿರು’ ಎಂದು ಗದರುತ್ತಾರೆ. ಅದು ತನ್ನವರ ದನಿ ಎಂದು ಅದಕ್ಕೆ ಗೊತ್ತು. ಬಾಲ ಕೂಡ ಅಲ್ಲಾಡಿಸಿರುತ್ತದೆ.

ಬೆಳೆದ ಗಂಡು ಚಿರತೆ ಐವತ್ತು ಅರವತ್ತು ಕೆ.ಜಿ. ತೂಗುತ್ತದೆ. ತನಗಿಂತ ಭಾರದ ಬೇಟೆಯನ್ನು ಎಳೆದೊಯ್ಯುವ ಕಸುವು ಅದರ ಕತ್ತಿಗೂ ಭುಜಕ್ಕೂ ಇದೆ. ಆಳೆತ್ತರದ ಕಾಂಪೌಂಡು ಅದಕ್ಕೆ ಲೆಕ್ಕಕ್ಕಿಲ್ಲ. ನಮ್ಮಲ್ಲಿ ಪೊಮೇರಿಯನ್ ಎಂದು ಕರೆಯುವ ಬಿಳಿ ಜೂಲಿನ ನಾಯಿ, ಪಗ್, ಡ್ಯಾಶ್‌ಹೌಂಡ್, ಈಚೆಗೆ ಎಲ್ಲೆಲ್ಲೂ ಕಾಣುವ ಶಿಟ್ಜು, ಇವೆಲ್ಲ ಸಾಮಾನ್ಯವಾಗಿ ಎಂಟು ಹತ್ತು ಕೆ.ಜಿ.ಯ ಆಸುಪಾಸು. ದೊಡ್ಡ ನಾಯಿಗಾದರೆ ಚಿರತೆ ಒಂದು ಗಳಿಗೆ ಅಳುಕಬಹುದು, ಗದ್ದಲವಾದರೆ ಬಿಟ್ಟು ಹೋಗಲೂಬಹುದು. ಚಿಕ್ಕ ನಾಯಿಯ ವಿಷಯದಲ್ಲಿ ಅಂಥ ಅಳುಕಿಲ್ಲ. ಕತ್ತಿಗೆ ಬಾಯಿ ಹಾಕಿದರೆ ಮುಗಿಯಿತು. ನಾವು ಎದ್ದು, ಲೈಟು ಹಾಕಿ, ಬಾಗಿಲು ತೆಗೆಯುವುದರೊಳಗೆ ಅಂಗಳ ಖಾಲಿ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕತ್ತಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದು ಚಿರತೆ ಕತ್ತಿಗೇ ಬಾಯಿ ಹಾಕುತ್ತದೆಂದು ತಿಳಿದೇ. ಆ ನಾಯಿಗಳು ದೊಡ್ಡವು, ಬಲಿಷ್ಠವಾದವು, ಬಿಚ್ಚಿ ಬಿಟ್ಟವು. ನಮ್ಮ ಅಂಗಳದ ಪಗ್ಗಿಗೆ ಮುಳ್ಳಿನ ಪಟ್ಟಿ ತೊಡಿಸಿ ಪ್ರಯೋಜನವಿಲ್ಲ, ಚಿರತೆ ಅದನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ.

ಹಿಂದೆ ಹಳ್ಳಿಯ ನಾಯಿಗಳನ್ನು ಚಿರತೆ ಹಿಡಿಯುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹಿಡಿಯುತ್ತಿತ್ತು. ಆದರೆ ಆ ನಾಯಿಗಳು ಬಿಡುಬೀಸಾಗಿದ್ದವು. ಬಚ್ಚಲ ಒಲೆಯ ಬೂದಿಯಲ್ಲಿ, ಕೊಟ್ಟಿಗೆಯ ಹುಲ್ಲಿನಲ್ಲಿ, ಸೌದೆ ಒಟ್ಟಿಲ ಸಂದಿಯಲ್ಲಿ ತಮಗೆ ಬೇಕಾದಲ್ಲಿ ಮಲಗುತ್ತಿದ್ದವು. ಒಂದಕ್ಕೆ ನಾಲ್ಕು ಇರುತ್ತಿದ್ದವು. ವಾಸನೆ ಬಂದರೆ ಓಡಿ ದನಗಳ ಕಾಲ ಕೆಳಗೆ ಸೇರಿಕೊಳ್ಳುತ್ತಿದ್ದವು. ಮನೆಯಲ್ಲೂ ಜನ ತುಂಬಿರುತ್ತಿದ್ದರು, ಜಗಲಿಯ ಮೇಲೆ ಯಾರಾದರೂ ಮಲಗಿರುತ್ತಿದ್ದರು. ಈಗ ಮನೆಯಲ್ಲಿ ಇಬ್ಬರು ವಯಸ್ಸಾದವರು, ಕೊಟ್ಟಿಗೆಯಲ್ಲಿ ದನವಿಲ್ಲ, ಬಚ್ಚಲಲ್ಲಿ ಗೀಸರು. ನಾಯಿ ಒಂದೇ, ಅದೂ ಕಟ್ಟಿದ್ದು.

ಮತ್ತೆ ಆ ಒಂದು ನಾಯಿ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಗನೋ ಮಗಳೋ ಆಸೆಪಟ್ಟು ಕೊಂಡ ಮರಿ ಅದು. ಸೋಫಾದ ಮೇಲೆ ಮಲಗಿ ಬೆಳೆದದ್ದು, ಹಾಸಿಗೆಯಲ್ಲಿ ಜಾಗ ಹಿಡಿದದ್ದು. ಅವರಿಗೆ ಮಗುವಾಯಿತು, ಅಥವಾ ಅಮೆರಿಕಕ್ಕೋ ಜರ್ಮನಿಗೋ ಹೊರಡುವ ದಿನ ಬಂತು. ‘ಊರಲ್ಲಿ ಅಪ್ಪ-ಅಮ್ಮ ಇದ್ದಾರಲ್ಲ, ಅವರಿಗೂ ಜೊತೆಯಾಗುತ್ತೆ, ಅದಕ್ಕೂ ಓಡಾಡೋಕೆ ಜಾಗ ಸಿಗುತ್ತೆ’ ಎಂದು ಕಾರಿನಲ್ಲಿ ತಂದು ಬಿಟ್ಟು ಹೋದರು. ಮೊದಲ ವಾರ ಅದು ನಡುಮನೆಯಲ್ಲಿತ್ತು. ಆಮೇಲೆ ಜಗಲಿಗೆ ಬಂತು. ಮಳೆಗಾಲದಲ್ಲಿ ಕೆಸರು ಮಾಡುತ್ತದೆಂದು ಅಂಗಳಕ್ಕೆ ಇಳಿಯಿತು. ಕಾಡಿನ ವಾಸನೆಯನ್ನೇ ಅರಿಯದ, ಸಂಜೆಯಾದರೆ ಮನುಷ್ಯರ ಕಾಲ ಬಳಿ ಇರಬೇಕೆಂದು ಕಲಿತ ಆ ಜೀವ ಈಗ ಕತ್ತಲಲ್ಲಿ ಒಂದೇ. ದೂರದ ದೇಶದಲ್ಲಿ ಕೂತು ಇದನ್ನು ಓದುತ್ತಿರುವವರೇ, ವಾರಕ್ಕೊಮ್ಮೆ ವೀಡಿಯೊ ಕರೆ ಮಾಡಿದಾಗ ‘ಅಮ್ಮ, ಚಿನ್ನು ಎಲ್ಲಿ, ತೋರ್ಸು’ ಎನ್ನುತ್ತೀರಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಅಮ್ಮ, ರಾತ್ರಿ ಅದು ಎಲ್ಲಿ ಮಲಗುತ್ತೆ?’ ಉತ್ತರ ತಡವಾದರೆ ಅಲ್ಲಿಂದಲೇ ದುಡ್ಡು ಕಳಿಸಿ ಒಂದು ಗಟ್ಟಿ ಗೂಡು ಮಾಡಿಸಿ. ಆ ನಾಯಿಯನ್ನು ಅಲ್ಲಿಗೆ ಒಯ್ದು ಬಿಟ್ಟವರು ನೀವು.

ನಾಯಿಯ ಬಗ್ಗೆ ನಮ್ಮ ನಾಡಿಗೆ ಕರುಣೆ ಇರಲಿಲ್ಲ ಎಂದು ಯಾರೂ ಹೇಳಲಾರರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಜೊತೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಗದ್ದೆ ಬಿಟ್ಟರು. ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ ನಾಡು ಇದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು, ಗುತ್ತಿಯ ನಾಯಿ ಹುಲಿಯ ತುಂಗೆಯಲ್ಲಿ ಕೊಚ್ಚಿಹೋಗುವ ಪುಟದಲ್ಲಿ ಪುಸ್ತಕ ಮಡಚಿ ಕೂತವರು ನಮ್ಮಲ್ಲಿ ಎಷ್ಟು ಜನ! ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಿಂತು, ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದ ಕತೆಯನ್ನು ಮಕ್ಕಳಿಗೆ ಹೇಳಿ ಮಲಗಿಸುತ್ತೇವೆ. ಹೇಳಿ ಮುಗಿಸಿ ಎದ್ದುಹೋಗಿ ಬಾಗಿಲು ಹಾಕುತ್ತೇವೆ, ನಾಯಿಯನ್ನು ಹೊರಗಿಟ್ಟು. ಪುಸ್ತಕದ ನಾಯಿಗೆ ಕಣ್ಣೀರು, ಮನೆಯ ನಾಯಿಗೆ ಸರಪಳಿ. ಇದು ನನ್ನನ್ನು ತುಂಬ ನೋಯಿಸುತ್ತದೆ.

ಕಾವಲಿಗೆ ತಾನೇ ನಾಯಿ ಸಾಕಿದ್ದು, ಒಳಗಿಟ್ಟರೆ ಕಾವಲು ಹೇಗೆ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರಿಸುತ್ತೇನೆ. ಏಳು ಕೆ.ಜಿ.ಯ ನಾಯಿ ಕಳ್ಳನನ್ನು ಹಿಡಿದು ಕೆಡವುವುದಿಲ್ಲ. ಅದು ಮಾಡುವ ಕಾವಲೆಂದರೆ ಕೇಳಿಸಿಕೊಳ್ಳುವುದು ಮತ್ತು ಬೊಗಳುವುದು. ಇವೆರಡನ್ನೂ ಅದು ಜಗಲಿಯ ಗ್ರಿಲ್ಲಿನ ಒಳಗಿಂದಲೂ ಮಾಡುತ್ತದೆ, ನಡುಮನೆಯ ಗೋಣಿಚೀಲದ ಮೇಲಿಂದಲೂ ಮಾಡುತ್ತದೆ. ಗೇಟಿನ ಕೊಂಡಿ ಸದ್ದಾದರೆ ಬಾಗಿಲ ಹಿಂದೆ ಮಲಗಿದ ನಾಯಿಗೆ ನಮಗಿಂತ ಎಷ್ಟೋ ಮೊದಲು ಕೇಳುತ್ತದೆ. ಅದು ಮನೆಯೊಳಗೆ ಬೊಗಳಿದರೆ ನಿಮಗೆ ಬೇಗ ಎಚ್ಚರವೂ ಆಗುತ್ತದೆ. ಹೊರಗೆ ಕಟ್ಟಿದ ನಾಯಿ ರಾತ್ರಿಯಿಡೀ ಹೆಗ್ಗಣಕ್ಕೂ ಮುಳ್ಳುಹಂದಿಗೂ ಬೊಗಳಿ ಬೊಗಳಿ, ಕೊನೆಗೆ ನಿಜವಾಗಿ ಕರೆದಾಗ ಏಳುವವರೇ ಇರುವುದಿಲ್ಲ. ಮತ್ತೆ, ಚಿರತೆ ಒಯ್ದ ಮೇಲೆ ಯಾವ ಕಾವಲು?

ಎರಡನೆಯದು ಮಡಿ-ಮೈಲಿಗೆ. ನಾಯಿ ಒಳಗೆ ಬರಬಾರದು ಎಂಬ ಮನೆಗಳಲ್ಲೇ ನಾನೂ ಬೆಳೆದಿದ್ದೇನೆ, ಆ ಹಿರಿಯರ ಮನಸ್ಸನ್ನು ನೋಯಿಸುವ ಉದ್ದೇಶ ನನಗಿಲ್ಲ. ದೇವರ ಮನೆಗೆ ಬಿಡಿ, ಅಡಿಗೆ ಮನೆಗೆ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ನಾಲ್ಕು ಗೋಡೆ, ಒಂದು ಸೂರು, ಚಿಲಕ ಬೀಳುವ ಒಂದು ಬಾಗಿಲು ಸಾಕು. ಬಚ್ಚಲುಮನೆ ಸಾಕು. ಬಾಗಿಲಿರುವ ಕೊಟ್ಟಿಗೆ ಸಾಕು. ಗೊಬ್ಬರದ ಚೀಲ ಇಡುವ ಕೋಣೆಯ ಒಂದು ಮೂಲೆ ಸಾಕು. ಹದಿನೈದು ಸಾವಿರದ ಸ್ಪ್ರೇ ಪಂಪಿಗೆ ಬೀಗ ಹಾಕಿದ ಕೋಣೆ ಇದೆ, ಅಡಿಕೆ ಮೂಟೆಗೆ ಉಪ್ಪರಿಗೆ ಇದೆ, ಸ್ಕೂಟರಿಗೆ ಶೆಡ್ಡಿದೆ. ಉಸಿರಾಡುವ ಜೀವಕ್ಕೆ ಜಾಗವಿಲ್ಲ ಎನ್ನುವಾಗ ನಾವು ಯಾವ ಮಡಿಯನ್ನು ಕಾಪಾಡುತ್ತಿದ್ದೇವೆ? ಕೂದಲು ಉದುರುತ್ತದೆ, ವಾಸನೆ ಬರುತ್ತದೆ ಎಂಬ ಮಾತುಗಳಿಗೆ ನಾನು ಉತ್ತರಿಸುವುದಿಲ್ಲ. ಅದು ಮರಿ ತರುವ ಮೊದಲು ಆಡಬೇಕಿದ್ದ ಮಾತು.

ಚಿರತೆಯನ್ನು ಬೈಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. 2022ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 13,874 ಚಿರತೆಗಳಿವೆ, ಅವುಗಳಲ್ಲಿ 1,879 ಕರ್ನಾಟಕದಲ್ಲಿ. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಹೆಚ್ಚು. ಅವು ದಟ್ಟ ಕಾಡಿನಲ್ಲೇ ಇರುತ್ತವೆಂಬ ನಂಬಿಕೆ ತಪ್ಪು. ಕುರುಚಲು ಗುಡ್ಡ, ಕಬ್ಬಿನ ಗದ್ದೆ, ನೀಲಗಿರಿ ತೋಪು, ಕಲ್ಲು ಕ್ವಾರಿಯ ಅಂಚು, ಎಲ್ಲಿ ಹಗಲಿಗೆ ಮರೆ ಸಿಗುತ್ತದೋ ಅಲ್ಲಿ ಅವು ಇರಬಲ್ಲವು. ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತವೆ. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ, ಕಾಡೇ ಇಲ್ಲದ ಹೊಲಗದ್ದೆಗಳ ನಡುವೆ ಬದುಕುವ ಚಿರತೆಗಳು ಏನು ತಿನ್ನುತ್ತವೆಂದು ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅವುಗಳ ಮಲ ಪರೀಕ್ಷಿಸಿ ನೋಡಿದರು. ತಿಂದ ಮಾಂಸದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದ್ದು. ಅದರಲ್ಲಿ ಆಡು-ಕುರಿಗಳಿಗಿಂತ ಮುಂದೆ ನಿಂತದ್ದು ನಾಯಿ, ಒಟ್ಟು ತೂಕದ ನೂರಕ್ಕೆ 39 ಪಾಲು. ಈ ಅಂಕಿಯ ಹಿಂದಿರುವ ಕಾರಣ ಹೆಚ್ಚು ಮುಖ್ಯ. ಆಡು-ಕುರಿಗಳನ್ನು ರೈತ ರಾತ್ರಿ ದೊಡ್ಡಿಯಲ್ಲಿ ಕೂಡುತ್ತಾನೆ, ಏಕೆಂದರೆ ಅವು ಹೋದರೆ ದುಡ್ಡು ಹೋಗುತ್ತದೆ. ನಾಯಿ ಹೊರಗಿರುತ್ತದೆ. ಚಿರತೆ ಸುಲಭವಾಗಿ ಸಿಕ್ಕಿದ್ದನ್ನು ತಿನ್ನುತ್ತದೆ. ಹಾಗೆ ಸುಲಭವಾಗಿ ಸಿಗುವಂತೆ ಇಟ್ಟವರು ನಾವು.

ಚಿರತೆ ಒಮ್ಮೆ ಅಂಗಳದಲ್ಲಿ ಊಟ ಸಿಕ್ಕಿದ ಮನೆಯನ್ನು ಮರೆಯುವುದಿಲ್ಲ, ಮತ್ತೆ ಬರುತ್ತದೆ. ಮತ್ತೆ ಬಂದಾಗ ನಾಯಿ ಇಲ್ಲದಿರಬಹುದು. ಬೆಳಗಿನ ಜಾವ ಹಾಲು ಕರೆಯಲು ಎದ್ದ ಹೆಂಗಸು ಇರಬಹುದು, ಮೂತ್ರಕ್ಕೆಂದು ಹೊರಬಂದ ಮಗು ಇರಬಹುದು. ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ನಾಲ್ಕು ಜನ ಚಿರತೆಗೆ ಬಲಿಯಾದರು. ಸಂಜೆ ಆರಕ್ಕೆ ಹಳ್ಳಿಗಳು ಬಾಗಿಲು ಹಾಕಿಕೊಂಡವು. ಆ ಸಾವುಗಳಿಗೆ ನಾಯಿಗಳೇ ಕಾರಣ ಎಂದು ನಾನು ಹೇಳುವುದಿಲ್ಲ, ಅಷ್ಟು ಸರಳ ಲೆಕ್ಕ ಅದಲ್ಲ. ಆದರೆ ಮನುಷ್ಯರ ಅಂಗಳಕ್ಕೆ ರಾತ್ರಿ ಬರುವ ಅಭ್ಯಾಸವನ್ನು ಚಿರತೆಗೆ ಕಲಿಸದಿರುವುದು ನಮ್ಮ ಕೈಯಲ್ಲಿರುವ ಕೆಲಸ. ನಾಯಿಯನ್ನು ಒಳಗೆ ಕರೆದವರು ತಮ್ಮ ಮಗುವನ್ನೂ ಸ್ವಲ್ಪ ಮಟ್ಟಿಗೆ ಕಾಪಾಡಿದಂತೆ.

ನಾಯಿ ಹೋದ ಮೇಲೆ ನಾವೇನು ಮಾಡುತ್ತೇವೆ? ಬೋನು ತನ್ನಿ ಎಂದು ಅರಣ್ಯ ಇಲಾಖೆಯ ಬಾಗಿಲು ತಟ್ಟುತ್ತೇವೆ. ಬೋನಿಗೆ ಇನ್ನೊಂದು ನಾಯಿಯನ್ನು ಹಾಕಿಸುತ್ತೇವೆ. ಹಿಡಿದ ಚಿರತೆಯನ್ನು ದೂರದ ಕಾಡಿಗೆ ಬಿಟ್ಟರೆ ಪೀಡೆ ತೊಲಗಿತು ಎಂದುಕೊಳ್ಳುತ್ತೇವೆ. ಮಹಾರಾಷ್ಟ್ರದ ಜುನ್ನರದಲ್ಲಿ ಹೀಗೆ ಚಿರತೆಗಳನ್ನು ಹಿಡಿದು ಸಾಗಿಸಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಗುರುತಿಲ್ಲದ ಊರಿನಲ್ಲಿ ಬಿಟ್ಟ, ಗಾಬರಿಗೊಂಡ ಪ್ರಾಣಿ ಇನ್ನಷ್ಟು ಅಪಾಯಕಾರಿ. ಕೆಲವು ಕಡೆ ಬೋನಿಗೂ ಕಾಯುವುದಿಲ್ಲ. ಅರ್ಧ ತಿಂದ ನಾಯಿಯ ಮೈಗೆ ವಿಷ ಸವರಿ ಇಟ್ಟು ಬರುತ್ತಾರೆ. ಚಿರತೆ ಸಾಯುತ್ತದೆ, ಅದರ ಮರಿಗಳು ಸಾಯುತ್ತವೆ, ವಿಷ ತಿಂದ ಕಾಗೆ-ನರಿಗಳೂ ಸಾಯುತ್ತವೆ. 2023ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಕೂಡ್ಲು ಗೇಟಿನ ಸುತ್ತ ಕಾಣಿಸಿಕೊಂಡ ಚಿರತೆಯನ್ನು ನೆನಪಿಸಿಕೊಳ್ಳಿ. ದಿನಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಕೊನೆಗೆ ಅದನ್ನು ಹಿಡಿಯುವ ಕಾರ್ಯಾಚರಣೆಯಲ್ಲೇ ಅದು ಸತ್ತಿತು. ನಾಯಿಯೂ ನಮ್ಮಿಂದ ಸಾಯುತ್ತದೆ, ಚಿರತೆಯೂ ನಮ್ಮಿಂದ ಸಾಯುತ್ತದೆ. ಎರಡನ್ನೂ ತಪ್ಪಿಸುವ ಬಾಗಿಲು ಒಂದೇ, ಅದರ ಚಿಲಕ ಇರುವುದು ನಮ್ಮ ಮನೆಯ ಒಳಬದಿಗೆ.

ಹಾಗಾದರೆ ಏನು ಮಾಡಬೇಕು? ಒಳಗೆ ಮಲಗಿಸಲು ಸಾಧ್ಯವಿದ್ದವರು ಒಳಗೇ ಮಲಗಿಸಲಿ, ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೂಡು ಮಾಡಿಸುವವರು ಒಂದು ವಿಷಯ ಮರೆಯಬಾರದು: ಮೇಲ್ಭಾಗ ತೆರೆದ ಗೂಡು ಗೂಡಲ್ಲ. ಚಿರತೆ ಮರ ಹತ್ತುವ ಪ್ರಾಣಿ, ಹತ್ತಿ ಇಳಿಯುತ್ತದೆ. ಸುತ್ತಲೂ ಮೇಲೂ ಮುಚ್ಚಿರಬೇಕು, ತಳ ಸಿಮೆಂಟಿನದಾಗಿರಬೇಕು. ಕೋಳಿಗೂಡಿಗೆ ಹಾಕುವ ತೆಳು ಜಾಲರಿಯನ್ನು ಅದು ಹರಿದುಹಾಕುತ್ತದೆ. ಕಿಟಕಿಗೆ ಹಾಕುವಂಥ ಸರಳು ಅಥವಾ ದಪ್ಪ ವೆಲ್ಡ್ ಮೆಶ್ ಹಾಕಿಸಿ, ಸರಳಿನ ನಡುವೆ ಚಿರತೆಯ ಮುಂಗೈ ತೂರದಷ್ಟು ಹತ್ತಿರ ಇರಲಿ. ಮೂರು ಬದಿ ಇಟ್ಟಿಗೆ ಗೋಡೆ ಎಬ್ಬಿಸಿ ಒಂದು ಬದಿಗೆ ಮಾತ್ರ ಸರಳು ಹಾಕಿದರೆ ಇನ್ನೂ ಒಳ್ಳೆಯದು. ಚಿರತೆ ಬಂದರೂ ನಾಯಿ ಹಿಂದಕ್ಕೆ ಸರಿದು ಗೋಡೆಗೆ ಒರಗಬಹುದು, ಮಳೆಯ ಎರಚಲೂ ಹೊಡೆಯುವುದಿಲ್ಲ. ಬಾಗಿಲಿಗೆ ತೂಗುಹಾಕುವ ಕೊಕ್ಕೆ ಸಾಲದು, ಅಡ್ಡ ಚಿಲಕ ಬೇಕು. ಗೂಡು ಮನೆಗೆ ಅಂಟಿಕೊಂಡಿರಲಿ, ತೋಟದ ಅಂಚಿನಲ್ಲಿ ಬೇಡ. ಗೂಡಿನೊಳಗೆ ಮತ್ತೆ ಸರಪಳಿ ಹಾಕಬೇಡಿ. ಊರಿನ ವೆಲ್ಡಿಂಗ್ ಅಂಗಡಿಯವರು ಎರಡು ದಿನದಲ್ಲಿ ಮಾಡಿಕೊಡುವ ಕೆಲಸ ಇದು. ಖರ್ಚು ಇದೆ, ನಿಜ. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವಷ್ಟು ಖರ್ಚೂ ಅಲ್ಲ.

ಕತ್ತಲು ಕವಿಯುವ ಹೊತ್ತು ಮತ್ತು ಬೆಳಕು ಹರಿಯುವ ಹೊತ್ತು ಇವೆರಡರಲ್ಲೂ ಚಿಕ್ಕ ನಾಯಿ ಒಂದೇ ಹೊರಗಿರಬಾರದು. ರಾತ್ರಿ ಮೂತ್ರಕ್ಕೆ ಬಿಡಬೇಕಾದರೆ ಬಾಗಿಲು ತೆಗೆದು ‘ಹೋಗು’ ಎನ್ನಬೇಡಿ. ಅಂಗಳದ ದೀಪ ಹಾಕಿ, ಟಾರ್ಚು ಹಿಡಿದು, ನೀವೂ ಜೊತೆಗೆ ಇಳಿಯಿರಿ, ಮಾತಾಡುತ್ತ ನಿಲ್ಲಿ. ಮನುಷ್ಯರ ದನಿ ಕೇಳಿದರೆ ಚಿರತೆ ಸಾಮಾನ್ಯವಾಗಿ ಹತ್ತಿರ ಬರುವುದಿಲ್ಲ. ನಾಯಿ ಅಂಗಳದ ತುದಿಯಲ್ಲಿ ನಿಂತು ಮುಂದೆ ಹೆಜ್ಜೆಯಿಡದೆ ಗುರುಗುಟ್ಟಿದರೆ ಒತ್ತಾಯ ಮಾಡಬೇಡಿ, ಎತ್ತಿಕೊಂಡು ಒಳಗೆ ಬನ್ನಿ. ಅದಕ್ಕೆ ತಿಳಿದದ್ದು ನಮಗೆ ತಿಳಿದಿರುವುದಿಲ್ಲ. ಕೋಳಿ ಅಂಗಡಿಯ ತ್ಯಾಜ್ಯವನ್ನು ರಸ್ತೆ ಬದಿಗೆ, ಹಳ್ಳಕ್ಕೆ ಸುರಿಯುವುದು ನಿಲ್ಲಬೇಕು. ಅದಕ್ಕೆ ಬೀದಿನಾಯಿಗಳು ಸೇರುತ್ತವೆ, ಬೀದಿನಾಯಿಗಳ ಹಿಂದೆ ಚಿರತೆ ಬರುತ್ತದೆ, ಬಂದದ್ದು ನಿಮ್ಮ ಗೇಟಿನವರೆಗೂ ಬರುತ್ತದೆ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಮ್‌ಸ್ಟೇಗಳಿಗೆ ನಾಯಿಗಳನ್ನು ಕರೆತರುವ ನಗರದವರಿಗೂ ಒಂದು ಮಾತು. ಕಾಫಿ ತೋಟ ನಿಮಗೆ ಉದ್ಯಾನದಂತೆ ಕಾಣಬಹುದು. ಗಿಡಗಳ ಬುಡದಲ್ಲಿ ಕತ್ತಲು ಬೇಗ ಇಳಿಯುತ್ತದೆ. ಸಂಜೆ ಬೆಂಕಿ ಹಾಕಿ ಕೂತಾಗ ಬೆಲ್ಟು ಬಿಚ್ಚಿ ‘ಪಾಪ, ಆಡಿಕೊಳ್ಳಲಿ’ ಎಂದು ಬಿಡುತ್ತೀರಿ. ಬಿಡಬೇಡಿ. ಚಿರತೆ ಒಂದೇ ಅಲ್ಲ, ಹೆಬ್ಬಾವಿದೆ, ಮಂಡಲದ ಹಾವಿದೆ, ಹಂದಿಗೆಂದು ಯಾರೋ ಕಟ್ಟಿದ ಉರುಳಿದೆ. ಹೋಮ್‌ಸ್ಟೇ ನಡೆಸುವವರೇ, ‘ಸಾಕುನಾಯಿಗಳಿಗೆ ಸ್ವಾಗತ’ ಎಂದು ಬೋರ್ಡು ಹಾಕುವವರು ನೀವು. ‘ಸಂಜೆ ಆರರ ಮೇಲೆ ನಾಯಿಗಳನ್ನು ಬಿಚ್ಚಬೇಡಿ, ನಮ್ಮಲ್ಲಿ ಚಿರತೆ ಇದೆ’ ಎಂಬ ಇನ್ನೊಂದು ಸಾಲು ಬರೆಯಲು ಹಿಂಜರಿಯಬೇಡಿ. ಅದರಿಂದ ಗಿರಾಕಿ ಕಡಿಮೆಯಾಗುವುದಿಲ್ಲ. ತೋಟದ ಲೈನ್ ಮನೆಗಳ ಮುಂದೆ ಮಲಗುವ ನಾಯಿಗಳಿಗೂ ಮಾಲೀಕರು ಒಂದು ಶೆಡ್ಡಿನ ಬಾಗಿಲು ತೆರೆದಿಡಬಹುದು.

ಕಾಡಿನಿಂದ ದೂರ ಇರುವ ನಗರದವರು ಇದು ತಮಗಲ್ಲ ಎಂದುಕೊಳ್ಳಬಾರದು, ಅಲ್ಲಿ ಅಪಾಯ ಬೇರೆ ರೂಪದಲ್ಲಿ ಬರುತ್ತದೆ. ಬೇಸಿಗೆಯ ಮಧ್ಯಾಹ್ನ ಬಾಲ್ಕನಿಯಲ್ಲಿ ಕಟ್ಟಿದ ಪಗ್ಗಿಗೆ ಚಪ್ಪಟೆ ಮೂಗಿನಲ್ಲಿ ಉಸಿರಾಡಿ ಮೈ ತಣಿಸಿಕೊಳ್ಳುವುದೇ ಕಷ್ಟ. ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಅದು ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಡಾಂಬರು ಅಂಗೈಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಕಾರು ಹಿಂದಕ್ಕೆ ತೆಗೆಯುವ ಮೊದಲು ಚಕ್ರದ ಕೆಳಗೆ ಬಗ್ಗಿ ನೋಡುವ ಅಭ್ಯಾಸ ಎಲ್ಲರಿಗೂ ಇರಬೇಕು, ಬೀದಿಯ ಮರಿಗಳು ಮಲಗುವುದು ಆ ನೆರಳಲ್ಲೇ. ಗೇಟು ತೆರೆದಾಗ ರಸ್ತೆಗೆ ನುಗ್ಗುವ ಚಿಕ್ಕ ನಾಯಿ ಲಾರಿ ಓಡಿಸುವವನ ಕಣ್ಣಿಗೆ ಕಾಣುವುದೇ ಇಲ್ಲ.

ನಾಯಿಯನ್ನು ಹೀಗೆ ಕಟ್ಟುವುದರ ವಿರುದ್ಧ ಕಾನೂನು ಇದೆಯೇ ಎಂದರೆ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಅತಿ ಹೊತ್ತು ಕಟ್ಟುವುದನ್ನು ಅಪರಾಧ ಎನ್ನುತ್ತದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧ. ಮನರಂಜನೆಗೆಂದು ಒಂದು ಪ್ರಾಣಿಯನ್ನು ಇನ್ನೊಂದರ ಬಾಯಿಗೆ ಸಿಗುವಂತೆ ಕಟ್ಟುವುದನ್ನೂ ಅದೇ ಕಲಮು ಹೆಸರಿಟ್ಟು ನಿಷೇಧಿಸಿದೆ. ನಾವು ಮನರಂಜನೆಗೆ ಕಟ್ಟುತ್ತಿಲ್ಲ, ಒಪ್ಪುತ್ತೇನೆ. ಸರಪಳಿಯ ತುದಿಯಲ್ಲಿರುವ ನಾಯಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಗೆ ಹೆದರಿ ಯಾರೂ ನಾಯಿಯನ್ನು ಒಳಗೆ ಕರೆಯುವುದಿಲ್ಲ, ಕರೆಯಬೇಕಾದ್ದೂ ಹಾಗಲ್ಲ. ಮಗು ಬೆಳಗ್ಗೆ ಎದ್ದು ‘ಜಿಮ್ಮಿ ಎಲ್ಲಿ’ ಎಂದು ಕೇಳಿದಾಗ ‘ಎಲ್ಲೋ ಓಡಿಹೋಯ್ತು ಪುಟ್ಟ, ಇನ್ನೊಂದು ತರೋಣ’ ಎನ್ನುತ್ತೇವಲ್ಲ, ಆ ಸುಳ್ಳು ನಮ್ಮ ಬಾಯಿಗೆ ಸುಲಭವಾಗಿ ಬರಬಾರದು. ಒಂದು ಜೀವದ ಜಾಗಕ್ಕೆ ಇನ್ನೊಂದು ಜೀವ ಅಂಗಡಿಯಿಂದ ಬರುತ್ತದೆ ಎಂದು ಆ ಮಗು ಕಲಿಯುವುದು ಆ ಮಾತಿನಿಂದಲೇ.

ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಹುಚ್ಚುನಾಯಿ ಲಸಿಕೆ ಹಾಕಲು ಬರುವ ಪಶುವೈದ್ಯರು ಚುಚ್ಚುಮದ್ದಿನ ಜೊತೆಗೆ ‘ರಾತ್ರಿ ಇದನ್ನು ಎಲ್ಲಿ ಕಟ್ಟುತ್ತೀರಿ’ ಎಂದೂ ಕೇಳಲಿ. ಬೋನು ಹೊತ್ತು ತರುವ ಅರಣ್ಯ ಸಿಬ್ಬಂದಿ, ಬೋನು ಇಡುವ ಮೊದಲು ಊರಿನ ಅಂಗಳಗಳನ್ನೊಮ್ಮೆ ಸುತ್ತಿ ಸರಪಳಿಗಳನ್ನು ತೋರಿಸಿ ಮಾತಾಡಲಿ. ಶಾಲೆಯ ಮೇಷ್ಟ್ರುಗಳು ಮಕ್ಕಳ ಕೈಲಿ ಹೇಳಿ ಕಳಿಸಲಿ, ಮಕ್ಕಳು ಹೇಳಿದರೆ ಮನೆಯಲ್ಲಿ ಕೇಳುತ್ತಾರೆ. ಮರಿ ಮಾರುವವರು, ಮರಿ ಹಂಚುವವರು, ಒಯ್ಯುವವರ ಮನೆಯಲ್ಲಿ ರಾತ್ರಿಗೆ ಜಾಗವಿದೆಯೇ ಎಂದು ಕೇಳದೆ ಕೊಡಬೇಡಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಈ ಪುಟ ಮುಗಿಸಿದ ಮೇಲೆ ಎದ್ದು ಹೋಗಿ, ನಿಮ್ಮ ಮನೆಯ ನಾಯಿಯ ಸರಪಳಿ ಬಿಚ್ಚಿ, ಬಚ್ಚಲುಮನೆಗಾದರೂ ಸರಿ, ಒಳಗೆ ಕರೆದುಕೊಳ್ಳಿ. ಈ ವಾರದಲ್ಲಿ ಗೂಡಿಗೆ ಅಳತೆ ಕೊಟ್ಟು ಬನ್ನಿ. ಪಕ್ಕದ ಮನೆಯವರದು ಹೊರಗಿದ್ದರೆ ಸಂಕೋಚ ಬಿಟ್ಟು ಹೋಗಿ ಹೇಳಿ, ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ರಾತ್ರಿ ಒಳಗೆ ಜಾಗ ಕೊಡಲಾಗದಿದ್ದರೆ ದಯವಿಟ್ಟು ಮರಿ ತರಬೇಡಿ.